ಗಾಜಿನಾಚೆಯ ಹಬ್ಬ

ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ 1883ರಲ್ಲಿ ಪ್ರಕಟಿಸಿದ ಕಾದಂಬರಿಯೊಂದು ಅಂಗಡಿಯ ಕಿಟಕಿಯ ಎದುರಿನಲ್ಲಿ ಆರಂಭವಾಗುತ್ತದೆ. ದೂರದ ಊರಿನಿಂದ ರಾತ್ರಿಯಿಡೀ ಮೂರನೆಯ ದರ್ಜೆಯ ರೈಲುಡಬ್ಬಿಯ ಗಟ್ಟಿ ಹಲಗೆಯ ಮೇಲೆ ಕುಳಿತು ಪ್ರಯಾಣ ಮಾಡಿ ಪ್ಯಾರಿಸ್ಸಿಗೆ ಬಂದಿಳಿದ ತಬ್ಬಲಿ ಹುಡುಗಿ ದೆನೀಸ್, ತನ್ನ ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಬಂಧುವಿನ ಮನೆಯನ್ನು ಹುಡುಕುತ್ತ ಹೊರಟಿದ್ದಾಳೆ. ದಾರಿಯಲ್ಲಿ ಒಂದು ಮಹಾಮಳಿಗೆ ಎದುರಾಗುತ್ತದೆ. ಆಕೆ ಥಟ್ಟನೆ ನಿಂತುಬಿಡುತ್ತಾಳೆ. ಗಾಜಿನ ಆಚೆ ರೇಷ್ಮೆ, ಉಣ್ಣೆ, ಕೈಗವಸು, ಬಣ್ಣಬಣ್ಣದ ಕೊಡೆಗಳು. ಈಚೆ ಮೈಮೇಲಿನ ಬಟ್ಟೆ ಬಿಟ್ಟರೆ ಹೇಳಿಕೊಳ್ಳುವಂಥ ಆಸ್ತಿಯಿಲ್ಲದ ಮೂವರು. ‘ಓ ಬೊನೂರ್ ದೆ ದಾಮ್’ ಎಂಬುದು ಆ ಮಳಿಗೆಯ ಹೆಸರು, ಕಾದಂಬರಿಯ ಹೆಸರೂ ಅದೇ. ‘ಸ್ತ್ರೀಯರ ಸೌಖ್ಯಧಾಮ’ ಎಂದು ಕನ್ನಡಿಸಬಹುದೇನೋ. ಜೋಲಾ ಕಂಡ ಆ ದೃಶ್ಯ ಪ್ಯಾರಿಸ್ಸಿನ ಒಂದು ಬೀದಿಯದಾದರೂ, ಪಶ್ಚಿಮದ ಮಹಾನಗರಗಳಲ್ಲೆಲ್ಲ ನೂರಾರು ವರ್ಷಗಳಿಂದ ಅದು ನಡೆಯುತ್ತಲೇ ಬಂದಿದೆ. ಡಿಸೆಂಬರ್ ತಿಂಗಳಲ್ಲಂತೂ ಅದು ಹಬ್ಬದ ಆಚರಣೆಯ ಒಂದು ಅಂಗವೇ ಆಗಿಹೋಗಿದೆ.

ಡಿಪಾರ್ಟ್‌ಮೆಂಟ್ ಸ್ಟೋರುಗಳೆಂದು ಕರೆಯಲ್ಪಡುವ ಮಹಾಮಳಿಗೆಗಳು ಕ್ರಿಸ್‌ಮಸ್ ಹಬ್ಬಕ್ಕೆ ತಮ್ಮ ಬೀದಿಬದಿಯ ಗಾಜಿನ ಕಿಟಕಿಗಳನ್ನು ಸಿಂಗರಿಸುವ ಪದ್ಧತಿಯ ಚರಿತ್ರೆಯನ್ನು ಈ ಹದಿನೈದು ನಿಮಿಷಗಳ ಭಾಷಣದಲ್ಲಿ ನಿಮ್ಮ ಮುಂದಿಡಬೇಕೆಂದಿದ್ದೇನೆ. ವ್ಯಾಪಾರದ ವಿಷಯಕ್ಕೂ ಸಾಹಿತ್ಯದ ವಿದ್ಯಾರ್ಥಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಈ ಕಿಟಕಿಗಳ ಒಳಗೆ ಕಥೆಗಳಿವೆ, ಕಥೆಗಾರರಿದ್ದಾರೆ. ಅದಕ್ಕಿಂತಲೂ ಮುಖ್ಯವಾಗಿ, ಹಬ್ಬವನ್ನು ಎಲ್ಲರಿಗೂ ತೋರಿಸುವ ಗಾಜು ಅದನ್ನು ಎಲ್ಲರಿಗೂ ಕೊಡುತ್ತದೆಯೇ ಎಂಬ ಪ್ರಶ್ನೆ ಈ ಚರಿತ್ರೆಯ ಉದ್ದಕ್ಕೂ ನಮ್ಮನ್ನು ಹಿಂಬಾಲಿಸುತ್ತದೆ.

ಇಂಥ ಕಿಟಕಿ ಹುಟ್ಟಬೇಕಾದರೆ ಮೊದಲು ಕೆಲವು ಅನುಕೂಲಗಳು ಕೂಡಿಬರಬೇಕಾಗಿತ್ತು. ಹಳೆಯ ಕಾಲದ ಅಂಗಡಿಯ ಕಿಟಕಿಯೆಂದರೆ ಮರದ ಚೌಕಟ್ಟಿಗೆ ಕೂಡಿಸಿದ ಸಣ್ಣ ಸಣ್ಣ ಗಾಜಿನ ತುಂಡುಗಳು. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿದ್ದ ಸುಂಕ 1845ರಲ್ಲಿ ರದ್ದಾಯಿತು. 1851ರಲ್ಲಿ ಲಂಡನ್ನಿನ ಸ್ಫಟಿಕದ ಅರಮನೆ ಗಾಜಿನಿಂದ ಏನೆಲ್ಲ ಸಾಧ್ಯವೆಂಬುದನ್ನು ಜಗತ್ತಿಗೆ ತೋರಿಸಿತು. ದಪ್ಪನೆಯ, ನುಣುಪಾದ, ಆಳೆತ್ತರದ ಗಾಜಿನ ಹಲಗೆಗಳನ್ನು ಅಮೆರಿಕ ಬಹುಕಾಲ ಯೂರೋಪಿನಿಂದಲೇ ತರಿಸಿಕೊಳ್ಳುತ್ತಿತ್ತು. 1880ರ ದಶಕದಲ್ಲಿ ಪಿಟ್ಸ್‌ಬರ್ಗಿನ ಕಾರ್ಖಾನೆಗಳು ಅಲ್ಲಿಯೇ ತಯಾರಿಸತೊಡಗಿದವು. ಎರಡನೆಯದು ಬೆಳಕು. ಫಿಲಡೆಲ್ಫಿಯಾದ ವಾನಮೇಕರ್ ಮಳಿಗೆ 1878ರಲ್ಲಿಯೇ ವಿದ್ಯುದ್ದೀಪಗಳನ್ನು ಹೊತ್ತಿಸಿತು. ಸಂಜೆ ಕವಿದ ಮೇಲೂ ಕಿಟಕಿ ಬೆಳಗುತ್ತಿರಬಹುದೆಂದಾದಾಗ, ದಿನದ ಕೆಲಸ ಮುಗಿಸಿ ಮನೆಗೆ ಹೊರಟವನೂ ಪ್ರೇಕ್ಷಕನಾದ.

ಮೂರನೆಯದು ಮಹಾಮಳಿಗೆಯೆಂಬ ಹೊಸ ಸಂಸ್ಥೆ. ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಎ. ಟಿ. ಸ್ಟುವರ್ಟ್ 1846ರಲ್ಲಿ ಅಮೃತಶಿಲೆಯ ಮಳಿಗೆಯನ್ನು ತೆರೆದ. 1852ರಲ್ಲಿ ಪ್ಯಾರಿಸ್ಸಿನ ಬೊನ್ ಮಾರ್ಷೆ ಅಂಗಡಿಗೆ ಪಾಲುದಾರನಾಗಿ ಬಂದ ಅರಿಸ್ತೀದ್ ಬೂಸಿಕೋ ಅದನ್ನು ಒಂದು ಪಟ್ಟಣದಂತೆ ಬೆಳೆಸಿದ. ಈ ಹೊಸ ಮಳಿಗೆಗಳ ನಿಯಮಗಳು ಎರಡು: ಪ್ರತಿಯೊಂದು ವಸ್ತುವಿಗೂ ಗೊತ್ತಾದ ಬೆಲೆಯಿರುವುದು, ಮತ್ತು ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲದೆ ಯಾರು ಬೇಕಾದರೂ ಒಳಗೆ ಬರಬಹುದಾಗಿರುವುದು. ಹಿಂದೆ ಅಂಗಡಿಯ ಹೊಸ್ತಿಲನ್ನು ದಾಟಿದವನು ಏನನ್ನೂ ಕೊಳ್ಳದೆ ಹಿಂದಿರುಗುವುದು ಸಂಕೋಚದ ಸಂಗತಿಯಾಗಿತ್ತು. ಈಗ ಸುಮ್ಮನೆ ನೋಡುವುದಕ್ಕೇ ಜನ ಬರಬಹುದಾಯಿತು. ನೋಡುವವರು ಬರುತ್ತಾರೆಂದ ಮೇಲೆ ತೋರಿಸುವುದೂ ಒಂದು ಕಲೆಯಾಗಬೇಕಾಯಿತು.

ಕ್ರಿಸ್‌ಮಸ್ ಹಬ್ಬವೂ ಇದೇ ಕಾಲದಲ್ಲಿ ಹೊಸ ರೂಪ ತಾಳುತ್ತಿತ್ತು. ಅಮೆರಿಕದಲ್ಲಿ ಅದು ಆದಿಯಿಂದಲೂ ಸಂಭ್ರಮದ ಹಬ್ಬವಾಗಿರಲಿಲ್ಲ. ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ನರು 1659ರಲ್ಲಿ ಕ್ರಿಸ್‌ಮಸ್ ಆಚರಣೆಯನ್ನೇ ನಿಷೇಧಿಸಿ, ಆಚರಿಸಿದವರಿಗೆ ದಂಡ ವಿಧಿಸಿದ್ದರು. ಆ ಕಾನೂನು 1681ರವರೆಗೂ ಜಾರಿಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಬ್ಬಕ್ಕೆ ಮತ್ತೆ ಜೀವ ತುಂಬಿದವರಲ್ಲಿ ಸಾಹಿತಿಗಳೂ ಚಿತ್ರಕಾರರೂ ಇದ್ದರು. ಹಿಮಸಾರಂಗಗಳ ಬಂಡಿಯಲ್ಲಿ ಬರುವ ಸಂತ ನಿಕೊಲಾಸನನ್ನು ಕುರಿತ ಪದ್ಯ 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ 1843ರಲ್ಲಿ ಹೊರಬಂದಿತು. ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ 1863ರಿಂದ ಬಿಡಿಸುತ್ತ ಬಂದ ಚಿತ್ರಗಳಲ್ಲಿ ಸಾಂತಾಕ್ಲಾಸನಿಗೆ ಇಂದು ನಮಗೆಲ್ಲ ಪರಿಚಿತವಾದ ಗಡ್ಡವೂ ಡೊಳ್ಳುಹೊಟ್ಟೆಯೂ ಬಂದವು. 1870ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಕ್ರಿಸ್‌ಮಸ್ ದಿನವನ್ನು ರಜಾದಿನವೆಂದು ಸಾರಿತು. ಬೀದಿಯ ಗದ್ದಲದ ಹಬ್ಬ ಮನೆಯ ಹಬ್ಬವಾಯಿತು; ಮಕ್ಕಳ ಹಬ್ಬವಾಯಿತು; ಉಡುಗೊರೆಗಳ ಹಬ್ಬವಾಯಿತು. ಉಡುಗೊರೆ ಕೊಡಬೇಕಾದವನು ಅಂಗಡಿಗೆ ಹೋಗಲೇಬೇಕಷ್ಟೆ.

ಇನ್ನು ಕಿಟಕಿಗೆ ಬರೋಣ. ಹುಡುಗನಾಗಿದ್ದಾಗ ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದಿದ್ದ ರೋಲೆಂಡ್ ಮೇಸಿ ಎಂಬಾತ 1858ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿಯಿಟ್ಟಿದ್ದ. 1874ರ ಕ್ರಿಸ್‌ಮಸ್ ಕಾಲದಲ್ಲಿ ಆ ಅಂಗಡಿಯ ಕಿಟಕಿಗಳಲ್ಲಿ ದೇಶದೇಶಗಳ ಪಿಂಗಾಣಿ ಬೊಂಬೆಗಳನ್ನು ಕೂರಿಸಲಾಯಿತು. ಬೊಂಬೆಗಳನ್ನು ಸಾಲಾಗಿ ಜೋಡಿಸಿದ್ದರೆ ಅದು ಮಾರಾಟದ ಸರಕು ಮಾತ್ರವಾಗುತ್ತಿತ್ತು. ಅವುಗಳ ನಡುವೆ ಒಂದು ಕಥೆಯ ದೃಶ್ಯಗಳನ್ನು ರಚಿಸಿದ್ದರು. ಆ ಕಥೆ ಹ್ಯಾರಿಯೆಟ್ ಬೀಚರ್ ಸ್ಟೋವ್ 1852ರಲ್ಲಿ ಬರೆದ ‘ಅಂಕಲ್ ಟಾಮ್ಸ್ ಕ್ಯಾಬಿನ್’. ಗುಲಾಮಗಿರಿಯ ಕ್ರೌರ್ಯವನ್ನು ಕಂಡು ಅಮೆರಿಕದ ಓದುಗರು ಕಣ್ಣೀರಿಟ್ಟ ಕಾದಂಬರಿ ಅದು. ಸಂವಿಧಾನದ ತಿದ್ದುಪಡಿಯ ಮೂಲಕ ಗುಲಾಮಗಿರಿ ಕೊನೆಗೊಂಡು ಆಗ ಇನ್ನೂ ಒಂಬತ್ತೇ ವರ್ಷವಾಗಿತ್ತು. ಹೆಸರು ಪಡೆದ ಮೊದಮೊದಲ ಕ್ರಿಸ್‌ಮಸ್ ಕಿಟಕಿಗಳಲ್ಲೊಂದು ಇಂಥ ಕಥೆಯನ್ನು ಆರಿಸಿಕೊಂಡಿತೆಂಬುದನ್ನು ನೆನಪಿನಲ್ಲಿಡಿ. ನಾವು ಮುಂದೆ ಅದಕ್ಕೆ ಹಿಂದಿರುಗಬೇಕಾಗುತ್ತದೆ.

ಬೊಂಬೆಗಳ ಬಗ್ಗೆ ಒಂದು ಮಾತು. ಆ ಕಾಲದಲ್ಲಿ ಜಗತ್ತಿನ ಬೊಂಬೆಗಳಲ್ಲಿ ಬಹುಪಾಲು ಬರುತ್ತಿದ್ದುದು ಜರ್ಮನಿಯಿಂದ. ಥುರಿಂಗಿಯಾ ಪ್ರಾಂತದ ಸೊನ್ನೆಬರ್ಗ್ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಅದು ಗೃಹಕೈಗಾರಿಕೆಯಾಗಿತ್ತು. ಒಂದು ಮನೆಯವರು ತಲೆಗಳನ್ನು ಮಾಡಿದರೆ ಇನ್ನೊಂದು ಮನೆಯವರು ಕೈಕಾಲುಗಳನ್ನು ಮಾಡುತ್ತಿದ್ದರು. ಮತ್ತೊಂದು ಮನೆಯಲ್ಲಿ ಉಡುಪು ಹೊಲಿಯುತ್ತಿದ್ದರು. ಮನೆಯ ಮಕ್ಕಳೂ ದೊಡ್ಡವರ ಜೊತೆಯಲ್ಲಿ ಕುಳಿತು ದುಡಿಯುತ್ತಿದ್ದರು. ನ್ಯೂಯಾರ್ಕಿನ ಮಗುವೊಂದು ಗಾಜಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದ ಬೊಂಬೆಯ ಹಿಂದೆ ಹೀಗೆ ಮತ್ತೊಂದು ಮಗುವಿನ ಕೈ ಇರುತ್ತಿತ್ತು.

ಮುಂದಿನ ವರ್ಷಗಳಲ್ಲಿ ಬೊಂಬೆಗಳು ಚಲಿಸತೊಡಗಿದವು. 1880ರ ದಶಕದ ನ್ಯೂಯಾರ್ಕಿನಲ್ಲಿ ಉಗಿಯಂತ್ರದ ಬಲದಿಂದ ಸುತ್ತುವ ಆಟಿಕೆಗಳನ್ನು ನೋಡಲು ಜನ ಕಿಕ್ಕಿರಿದು ಸೇರುತ್ತಿದ್ದರು. ಆಮೇಲೆ ವಿದ್ಯುಚ್ಛಕ್ತಿ ಬಂದಿತು. ಉತ್ತರ ಧ್ರುವವನ್ನು ತಾನು ತಲುಪಿದೆನೆಂದು ರಾಬರ್ಟ್ ಪಿಯರಿ ಸಾರಿದ 1909ರಲ್ಲಿಯೇ ಪ್ಯಾರಿಸ್ಸಿನ ಬೊನ್ ಮಾರ್ಷೆ ತನ್ನ ಕಿಟಕಿಯಲ್ಲಿ ಧ್ರುವಯಾತ್ರೆಯನ್ನು ಚಲಿಸುವ ಬೊಂಬೆಗಳ ಮೂಲಕ ತೋರಿಸಿತು. 1924ರಲ್ಲಿ ಮೇಸಿ ಮಳಿಗೆಯ ನೌಕರರು ಪ್ರಾಣಿಸಂಗ್ರಹಾಲಯದ ಆನೆ ಒಂಟೆಗಳೊಡನೆ ನ್ಯೂಯಾರ್ಕಿನ ಬೀದಿಗಳಲ್ಲಿ ಮೊದಲ ಮೆರವಣಿಗೆ ಹೊರಟರು. ಆ ಮೆರವಣಿಗೆ ಮಳಿಗೆಯ ಬಾಗಿಲಿಗೆ ಬಂದು ಮುಗಿದಾಗ, ಟೋನಿ ಸಾರ್ಗ್ ಎಂಬ ಹೆಸರಾಂತ ಸೂತ್ರದಬೊಂಬೆಗಾರ ರೂಪಿಸಿದ್ದ ಕಿಟಕಿಗಳ ತೆರೆ ಸರಿಯಿತು. ನಾಟಕದ ಪರದೆ ಎದ್ದಂತೆ ಕಿಟಕಿಯ ಪರದೆ ಏಳುವುದೂ ಒಂದು ಉತ್ಸವವಾಯಿತು.

ಈ ಕಲೆಗೆ ಒಬ್ಬ ಶಾಸ್ತ್ರಕಾರನೂ ದೊರಕಿದ. ಆತನ ಹೆಸರು ಲೈಮನ್ ಫ್ರಾಂಕ್ ಬಾಮ್. ‘ದಿ ವಂಡರ್‌ಫುಲ್ ವಿಜರ್ಡ್ ಆಫ್ ಆಜ್’ ಎಂಬ ಮಕ್ಕಳ ಕಥೆಯ ಕರ್ತೃವೆಂದು ಲೋಕ ಆತನನ್ನು ಬಲ್ಲದು. ಕಿಟಕಿ ಸಿಂಗರಿಸುವವರ ಗುರುವೆಂದು ಬಲ್ಲವರು ಕಡಿಮೆ. ಡಕೋಟಾದ ಅಬರ್ಡೀನ್ ಎಂಬ ಊರಿನಲ್ಲಿ 1888ರಲ್ಲಿ ಆತ ತೆರೆದ ಅಂಗಡಿ ಬಹುಕಾಲ ನಿಲ್ಲಲಿಲ್ಲ. ಸುತ್ತಲಿನ ರೈತರ ಕೈಯಲ್ಲಿ ಹಣವಿರಲಿಲ್ಲ. ಪತ್ರಿಕೆ ನಡೆಸಿದ, ಅದೂ ಕೈಹಿಡಿಯಲಿಲ್ಲ. ಷಿಕಾಗೋ ನಗರಕ್ಕೆ ಹೋಗಿ, ಗಾಜು ಪಿಂಗಾಣಿ ಸಾಮಾನುಗಳ ಮಾರಾಟಕ್ಕಾಗಿ ಊರೂರು ತಿರುಗುವ ಕೆಲಸ ಹಿಡಿದ. ಸಣ್ಣ ಊರುಗಳ ಅಂಗಡಿಕಾರರು ಒಳ್ಳೆಯ ಸರಕನ್ನೂ ಧೂಳು ಹಿಡಿದ ಕಿಟಕಿಯಲ್ಲಿ ರಾಶಿ ಹಾಕುವುದನ್ನು ಕಂಡ ಆತ 1897ರಲ್ಲಿ ‘ದಿ ಷೋ ವಿಂಡೋ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ. ಮರುವರ್ಷ ಕಿಟಕಿ ಸಿಂಗರಿಸುವವರ ರಾಷ್ಟ್ರೀಯ ಸಂಘವೊಂದನ್ನೂ ಕಟ್ಟಿದ. ಸರಕನ್ನು ತುಂಬಿದರೆ ಸಾಲದು, ಅದಕ್ಕೊಂದು ದೃಶ್ಯ ಬೇಕು, ಬೆಳಕು ಬೇಕು, ಸಾಧ್ಯವಾದರೆ ಚಲನೆ ಬೇಕು. ದಾರಿಹೋಕ ನಿಂತು ಬೆರಗಾಗಬೇಕು. ಇದು ಆತನ ಉಪದೇಶದ ಸಾರ.

1900ರಲ್ಲಿ ಬಾಮ್ ಎರಡು ಪುಸ್ತಕಗಳನ್ನು ಹೊರತಂದ. ಒಂದು, ಜವಳಿ ಅಂಗಡಿಗಳ ಕಿಟಕಿಗಳನ್ನೂ ಒಳಭಾಗವನ್ನೂ ಅಲಂಕರಿಸುವ ಕಲೆಯನ್ನು ಕುರಿತದ್ದು. ಇನ್ನೊಂದು, ಆಜ್ ದೇಶದ ಮಾಂತ್ರಿಕನ ಕಥೆ. ಯಂತ್ರಸಾಮಾನಿನ ಅಂಗಡಿಯೊಂದರ ಕಿಟಕಿಗಾಗಿ ಬಾಮ್ ಒಮ್ಮೆ ಹಂಡೆ, ಹೊಗೆಕೊಳವೆ, ಆಲಿಕೆಗಳನ್ನು ಜೋಡಿಸಿ ಮನುಷ್ಯಾಕೃತಿಯೊಂದನ್ನು ಮಾಡಿದನೆಂದೂ ಕಥೆಯಲ್ಲಿ ಬರುವ ತಗಡಿನ ಮನುಷ್ಯ ಹುಟ್ಟಿದ್ದು ಅದರಿಂದಲೇ ಎಂದೂ ಆತನ ಮನೆಯವರು ಹೇಳುತ್ತಿದ್ದರಂತೆ. ಅದು ಹೇಗೇ ಇರಲಿ, ಕಥೆಯ ಪಚ್ಚೆಯ ಪಟ್ಟಣವನ್ನು ನೆನೆದುಕೊಳ್ಳಿ. ಅಲ್ಲಿಗೆ ಬಂದವರೆಲ್ಲರೂ ಹಸಿರು ಗಾಜಿನ ಕನ್ನಡಕ ಧರಿಸಬೇಕು. ಪಟ್ಟಣ ಹಸಿರಾಗಿ ಕಾಣುವುದು ಆ ಕನ್ನಡಕದಿಂದ. ಮಹಾಮಾಂತ್ರಿಕನೆಂದು ಹೆಸರಾದವನು ತೆರೆಯ ಹಿಂದೆ ಅಡಗಿ ಕುಳಿತ ಒಬ್ಬ ಸಾಧಾರಣ ಮುದುಕ. ಅಂಗಡಿಕಾರರಿಗೆ ಮಾಯೆಯನ್ನು ಕಟ್ಟುವ ವಿದ್ಯೆ ಕಲಿಸಿದವನೇ, ಅದೇ ವರ್ಷ, ಮಾಯೆಯ ತೆರೆಯನ್ನು ಸರಿಸಿ ಮಕ್ಕಳಿಗೆ ತೋರಿಸಿದ. ಆ ಕಥೆಯನ್ನು ಓದುವಾಗಲೆಲ್ಲ ಈ ಎರಡು ಪುಸ್ತಕಗಳೂ ಒಂದೇ ಮೇಜಿನ ಮೇಲೆ ಬರೆಯಲ್ಪಟ್ಟವೆಂಬುದು ನನಗೆ ನೆನಪಾಗುತ್ತದೆ.

ಬಾಮ್ ನೆಲೆಸಿದ್ದ ಷಿಕಾಗೋದಲ್ಲಿಯೇ ಮಾರ್ಷಲ್ ಫೀಲ್ಡ್ ಮಳಿಗೆಯಿತ್ತು. 1895ರಿಂದ ಸುಮಾರು ಅರ್ಧ ಶತಮಾನದ ಕಾಲ ಅದರ ಕಿಟಕಿಗಳನ್ನು ರೂಪಿಸಿದವನು ಆರ್ಥರ್ ಫ್ರೇಸರ್. ಒಂದು ಕಿಟಕಿಗೆ ಒಂದೇ ಭಾವ, ಒಂದೇ ಬಣ್ಣದ ಮೇಳ ಎಂಬಂಥ ಸಂಯಮವನ್ನು ಆತ ತಂದ. ಆ ಮಳಿಗೆಯ ಯಜಮಾನ ಭಾನುವಾರ ಕಿಟಕಿಗಳಿಗೆಲ್ಲ ಪರದೆ ಎಳೆಸುತ್ತಿದ್ದ. ದೇವರ ದಿನದಂದು ಜನರ ಮನಸ್ಸನ್ನು ಸರಕಿನತ್ತ ಸೆಳೆಯಬಾರದೆಂಬುದು ಆತನ ನಂಬಿಕೆ. ಅಲ್ಲಿಯೇ ಕಾಲು ಶತಮಾನ ದುಡಿದ ಹ್ಯಾರಿ ಗಾರ್ಡನ್ ಸೆಲ್ಫ್ರಿಜ್ 1909ರ ಮಾರ್ಚಿಯಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ತನ್ನದೇ ಮಳಿಗೆ ತೆರೆದಾಗ, ಅಂಗಡಿ ಮುಚ್ಚಿದ ಮೇಲೂ ಕಿಟಕಿಗಳನ್ನು ನಡುರಾತ್ರಿಯವರೆಗೆ ಬೆಳಗಿಸಿದ. ರಾತ್ರಿಯ ಊಟ ಮುಗಿಸಿ ಕಿಟಕಿ ನೋಡುತ್ತ ಅಡ್ಡಾಡುವುದು ಲಂಡನ್ನಿನವರಿಗೆ ಒಂದು ಹೊಸ ಸುಖವಾಯಿತು. 1939ರ ಸೆಪ್ಟೆಂಬರಿನಲ್ಲಿ ಯುದ್ಧದ ಕತ್ತಲು ಆಜ್ಞೆ ಬಂದಾಗ ಆ ಊರು ಏನನ್ನು ಕಳೆದುಕೊಂಡಿತೆಂಬುದನ್ನು ಇದರಿಂದ ಊಹಿಸಬಹುದು.

ಕಿಟಕಿಯ ಬೆಳಕಿನ ಹಿಂದೆ ದುಡಿಯುವವರ ಪಾಡು ಬೇರೆಯೇ ಆಗಿತ್ತು. ಕ್ರಿಸ್‌ಮಸ್ ಹತ್ತಿರವಾದಂತೆ ಮಳಿಗೆಗಳು ರಾತ್ರಿ ಬಹು ಹೊತ್ತಿನವರೆಗೂ ತೆರೆದಿರುತ್ತಿದ್ದವು. ಮಾರಾಟದ ಹುಡುಗಿಯರು ಬೆಳಗಿನಿಂದ ನಿಂತೇ ಇರಬೇಕು. ಸಾಮಾನು ಮುಟ್ಟಿಸುವ ಹುಡುಗರು ಚಳಿಯಲ್ಲಿ ನಡುರಾತ್ರಿಯವರೆಗೂ ಅಲೆಯಬೇಕು. 1899ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬಳಕೆದಾರರ ಸಂಘದ ಕಾರ್ಯದರ್ಶಿ ಫ್ಲಾರೆನ್ಸ್ ಕೆಲಿ ಈ ಕ್ರೌರ್ಯದ ವಿರುದ್ಧ ದನಿಯೆತ್ತಿದರು. ಹಬ್ಬ ದುಡಿಯುವ ಮಕ್ಕಳ ಪಾಲಿಗೆ ಹಬ್ಬದ ಅಣಕವಾಗಿದೆಯೆಂದು 1903ರಲ್ಲಿ ಲೇಖನ ಬರೆದರು. ಕೊನೆಯ ದಿನಗಳ ನೂಕುನುಗ್ಗಲು ತಪ್ಪಲಿ, ದುಡಿಯುವವರಿಗೆ ಉಸಿರಾಡಲು ಬಿಡುವಾಗಲಿ ಎಂದು ಗಿರಾಕಿಗಳಿಗೆ ಅವರ ಸಂಘ ಒಂದೇ ಬೇಡಿಕೆಯನ್ನು ಮುಂದಿಟ್ಟಿತು: ಹಬ್ಬದ ಸಾಮಾನನ್ನು ಬೇಗ ಕೊಳ್ಳಿರಿ. ಕೆಲವೇ ವರ್ಷಗಳಲ್ಲಿ ವ್ಯಾಪಾರಿಗಳು ಈ ಘೋಷಣೆಯನ್ನು ತಮ್ಮದಾಗಿಸಿಕೊಂಡರು. ಕರುಣೆಯ ಮಾತು ಜಾಹೀರಾತಿನ ಮಾತಾಯಿತು. ಬೇಗ ಕೊಳ್ಳುವ ಗಿರಾಕಿಗಾಗಿ ಕಿಟಕಿಗಳೂ ವರ್ಷದಿಂದ ವರ್ಷಕ್ಕೆ ಬೇಗ ಸಿಂಗಾರಗೊಳ್ಳತೊಡಗಿದವು.

ಆದರೂ ಈ ಚರಿತ್ರೆಯಲ್ಲಿ ಲಾಭದ ಲೆಕ್ಕವನ್ನು ಮೀರಿದ ಗಳಿಗೆಗಳಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ನ್ಯೂಯಾರ್ಕಿನ ಐದನೆಯ ಅವೆನ್ಯೂ ರಸ್ತೆಯಲ್ಲಿ ಲಾರ್ಡ್ ಅಂಡ್ ಟೇಲರ್ ಎಂಬ ಮಳಿಗೆಯಿತ್ತು. 1914ರಲ್ಲಿ ಕಟ್ಟಿದ ಆ ಕಟ್ಟಡದ ಕಿಟಕಿಗಳಲ್ಲಿ ಒಂದು ಚಮತ್ಕಾರವಿತ್ತು: ಕಿಟಕಿಯ ನೆಲವೇ ನೆಲಮಾಳಿಗೆಗೆ ಇಳಿಯುತ್ತಿತ್ತು, ಅಲ್ಲಿ ದೃಶ್ಯವನ್ನು ಸಿದ್ಧಗೊಳಿಸಿ ಮತ್ತೆ ಬೀದಿಯ ಮಟ್ಟಕ್ಕೆ ಏರಿಸುತ್ತಿದ್ದರು. 1938ರ ಕ್ರಿಸ್‌ಮಸ್ಸಿಗೆ ಡೇನಾ ಓಕ್ಲೇರ್ ಎಂಬ ಕಲಾವಿದ ಆ ಕಿಟಕಿಗಳಿಂದ ಮಾರುವ ಸರಕನ್ನೆಲ್ಲ ತೆಗೆಸಿಹಾಕಿದ. ಉಡುಪಿಲ್ಲ, ಆಟಿಕೆಯಿಲ್ಲ, ಬೆಲೆಚೀಟಿಯಿಲ್ಲ. ಇದ್ದುದು ಚಿನ್ನದ ಬಣ್ಣದ ದೊಡ್ಡ ಗಂಟೆಗಳು ಮಾತ್ರ. ಅವು ಅತ್ತಿತ್ತ ತೂಗುತ್ತಿದ್ದವು. ಧ್ವನಿಮುದ್ರಿತವಾದ ಗಂಟೆಯ ನಾದ ಬೀದಿಗೆ ಕೇಳಿಸುತ್ತಿತ್ತು. ಅಮೆರಿಕ ಆಗ ಆರ್ಥಿಕ ಮುಗ್ಗಟ್ಟಿನಿಂದ ಇನ್ನೂ ಪೂರ್ತಿಯಾಗಿ ಚೇತರಿಸಿಕೊಂಡಿರಲಿಲ್ಲ. ಕೈಯಲ್ಲಿ ಕಾಸಿಲ್ಲದವರು ಆ ನಗರದಲ್ಲಿ ಬಹಳ ಜನರಿದ್ದರು. ಮಾರಾಟಕ್ಕೆ ಏನೂ ಇಲ್ಲದ ಕಿಟಕಿಯ ಮುಂದೆ ಬಡವನೂ ಬಲ್ಲಿದನೂ ಸಮನಾಗಿ ನಿಂತರು. ಜನರಿಗೆ ಅದು ಎಷ್ಟು ಹಿಡಿಸಿತೆಂದರೆ ಮುಂದಿನ ವರ್ಷಗಳಲ್ಲಿಯೂ ಆ ಗಂಟೆಗಳನ್ನು ಮತ್ತೆ ಕಟ್ಟಬೇಕಾಯಿತು.

ಈಗ, ಹಿಂದೆ ನೆನಪಿನಲ್ಲಿಡಿ ಎಂದ ಮಾತಿಗೆ ಬರುತ್ತೇನೆ. ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾ ನಗರದಲ್ಲಿ ರಿಚ್ಸ್ ಎಂಬ ಮಹಾಮಳಿಗೆಯಿತ್ತು. ರಸ್ತೆಯ ಎರಡು ಬದಿಗಳಲ್ಲಿದ್ದ ಅದರ ಕಟ್ಟಡಗಳನ್ನು ಹಲವು ಅಂತಸ್ತುಗಳ ಗಾಜಿನ ಸೇತುವೆಯೊಂದು ಜೋಡಿಸಿತ್ತು. 1948ರಿಂದ ಆ ಮಳಿಗೆಯವರು ಕೃತಜ್ಞತಾದಿನದ ರಾತ್ರಿ ಭಾರಿ ಕ್ರಿಸ್‌ಮಸ್ ಮರವೊಂದನ್ನು ಬೆಳಗಿಸುವ ಪದ್ಧತಿಯಿಟ್ಟುಕೊಂಡರು. ಸೇತುವೆಯ ಅಂತಸ್ತು ಅಂತಸ್ತಿನಲ್ಲಿಯೂ ಗಾಯಕವೃಂದಗಳು ನಿಂತು ಹಾಡುತ್ತಿದ್ದವು. ಕೆಳಗೆ ಬೀದಿಯಲ್ಲಿ ಸಾವಿರಾರು ಜನ ತಲೆಯೆತ್ತಿ ನೋಡುತ್ತಿದ್ದರು. ಕಿಟಕಿಯೊಂದು ಮುಗಿಲಿಗೇರಿದಂತಿತ್ತು ಆ ದೃಶ್ಯ.

ಆ ಮಳಿಗೆಯಲ್ಲಿ ಕರಿಯ ಜನ ಸಾಮಾನು ಕೊಳ್ಳಬಹುದಾಗಿತ್ತು. ಅವರಿಗೆ ಸಾಲದ ಖಾತೆಯೂ ದೊರೆಯುತ್ತಿತ್ತು. ಆದರೆ ಕೊಂಡು ದಣಿದ ಮೇಲೆ ಅಲ್ಲಿನ ಮ್ಯಾಗ್ನೋಲಿಯಾ ಉಪಾಹಾರ ಕೋಣೆಯಲ್ಲಿ ಬಿಳಿಯರ ಪಕ್ಕದಲ್ಲಿ ಕುಳಿತು ಒಂದು ಲೋಟ ಚಹಾ ಕುಡಿಯುವಂತಿರಲಿಲ್ಲ. 1960ರ ಅಕ್ಟೋಬರ್ 19ರಂದು ವಿದ್ಯಾರ್ಥಿಗಳ ಗುಂಪೊಂದು ಅಲ್ಲಿಗೆ ಹೋಗಿ ತಮಗೂ ಉಪಾಹಾರ ಕೊಡಬೇಕೆಂದು ಕೇಳಿತು. ಅವರೊಡನೆ ಮಾರ್ಟಿನ್ ಲೂಥರ್ ಕಿಂಗ್ ಇದ್ದರು. ಎಲ್ಲರನ್ನೂ ಬಂಧಿಸಲಾಯಿತು. ಕಿಂಗ್ ಜಾಮೀನು ಕೊಟ್ಟು ಹೊರಬರಲು ಒಪ್ಪಲಿಲ್ಲ. ಮಿಕ್ಕವರು ಬಿಡುಗಡೆಯಾದ ಮೇಲೂ, ಹಳೆಯದೊಂದು ವಾಹನ ಚಾಲನೆಯ ಮೊಕದ್ದಮೆಯ ನೆಪದಲ್ಲಿ ಅವರಿಗೆ ನಾಲ್ಕು ತಿಂಗಳ ಕಠಿಣ ಶಿಕ್ಷೆ ವಿಧಿಸಿ ದೂರದ ಸೆರೆಮನೆಗೆ ಒಯ್ದರು. ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸುತ್ತಿದ್ದ ಜಾನ್ ಕೆನಡಿ ಕಿಂಗ್ ಅವರ ಪತ್ನಿಗೆ ದೂರವಾಣಿಯ ಮೂಲಕ ಸಾಂತ್ವನ ಹೇಳಿದ್ದೂ, ಅವರ ತಮ್ಮ ರಾಬರ್ಟ್ ನ್ಯಾಯಾಧೀಶರೊಡನೆ ಮಾತನಾಡಿದ್ದೂ ಈಗ ಚರಿತ್ರೆಗೆ ಸೇರಿದ ಸಂಗತಿಗಳು. ಕೂದಲೆಳೆಯ ಅಂತರದಲ್ಲಿ ತೀರ್ಮಾನವಾದ ಆ ಚುನಾವಣೆಯಲ್ಲಿ ಕರಿಯರ ಮತಗಳು ಕೆನಡಿಯವರತ್ತ ಒಲಿಯಲು ಇದೂ ಒಂದು ಕಾರಣವೆಂದು ಹೇಳುವವರುಂಟು.

ಆ ವರ್ಷದ ಕ್ರಿಸ್‌ಮಸ್ ವ್ಯಾಪಾರದ ಕಾಲದಲ್ಲಿಯೂ ಅಟ್ಲಾಂಟಾದ ಕರಿಯರು ನಗರದ ನಡುವಿನ ಮಳಿಗೆಗಳಿಗೆ ಬಹಿಷ್ಕಾರ ಹಾಕಿದ್ದರು. 1961ರ ಮಾರ್ಚಿಯಲ್ಲಿ ಒಪ್ಪಂದವಾಗಿ, ಆ ಸೆಪ್ಟೆಂಬರಿನಲ್ಲಿ ಊಟದ ಮೇಜುಗಳು ಎಲ್ಲರಿಗೂ ತೆರೆದವು. ಮೇಸಿಯ ಕಿಟಕಿಯಲ್ಲಿ ಟಾಮನ ದುಃಖವನ್ನು ಬೊಂಬೆಗಳು ಅಭಿನಯಿಸಿದ 1874ರಿಂದ ಈ ದಿನದವರೆಗೆ 87 ವರ್ಷಗಳು. ಗುಲಾಮನ ಕಥೆ ಗಾಜಿನ ಒಳಗೆ ಬರಲು ಒಂದು ಹಬ್ಬ ಸಾಕಾಯಿತು. ಅವನ ಮೊಮ್ಮಕ್ಕಳು ಗಾಜಿನ ಒಳಗಿನ ಮೇಜಿಗೆ ಬಂದು ಕುಳಿತುಕೊಳ್ಳಲು ಇಷ್ಟು ಕಾಲ ಬೇಕಾಯಿತು.

ಆ ಮಹಾಮಳಿಗೆಗಳ ವೈಭವದ ಕಾಲವೂ ಮುಗಿಯುತ್ತ ಬಂದಿದೆ. ನಗರದ ನಡುವಿನಿಂದ ಜನ ಹೊರವಲಯಗಳಿಗೆ ಹೋದರು. ಆಮೇಲೆ ಮನೆಯಲ್ಲಿ ಕುಳಿತೇ ಸಾಮಾನು ತರಿಸಿಕೊಳ್ಳುವ ಕಾಲ ಬಂದಿತು. ನಗರದ ನಡುವಿನ ರಿಚ್ಸ್ ಮಳಿಗೆ 1991ರಲ್ಲಿ ಮುಚ್ಚಿತು. ಮಾರ್ಷಲ್ ಫೀಲ್ಡ್ ಎಂಬ ಹೆಸರು 2006ರಲ್ಲಿ ಅಳಿದು ಮೇಸಿಯೆಂದಾಯಿತು. ಷಿಕಾಗೋದ ಜನ ಬೀದಿಯಲ್ಲಿ ನಿಂತು ಪ್ರತಿಭಟಿಸಿದರೂ ಫಲವಾಗಲಿಲ್ಲ. ಗಂಟೆಗಳ ನಾದ ಕೇಳಿಸಿದ್ದ ಲಾರ್ಡ್ ಅಂಡ್ ಟೇಲರ್ ಮಳಿಗೆ ಐದನೆಯ ಅವೆನ್ಯೂದ ತನ್ನ ಕಟ್ಟಡವನ್ನು 2019ರ ಆರಂಭದಲ್ಲಿ ಬಿಟ್ಟುಕೊಟ್ಟಿತು, ಮರುವರ್ಷ ದಿವಾಳಿಯೆದ್ದಿತು. ಉಳಿದಿರುವ ಕೆಲವು ಮಳಿಗೆಗಳು ಇಂದಿಗೂ ಕಿಟಕಿಗಳನ್ನು ಸಿಂಗರಿಸುತ್ತವೆ. ಚಳಿಯ ರಾತ್ರಿಗಳಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ಇಂದಿಗೂ ಅವುಗಳ ಮುಂದೆ ನಿಲ್ಲುತ್ತಾರೆ. ಒಬ್ಬೊಬ್ಬರೇ ತಮ್ಮ ತಮ್ಮ ಕೋಣೆಯಲ್ಲಿ ಕುಳಿತು ನೋಡುವ ಪುಟ್ಟ ಗಾಜಿನ ಪರದೆಗೂ ಆ ಕಿಟಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಿಟಕಿಯ ಮುಂದೆ ನಿಂತವನ ಪಕ್ಕದಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಕೊಳ್ಳಬಲ್ಲವನಿಗೆ ಕೊಳ್ಳಲಾರದವನ ಮುಖ ಆ ಗಾಜಿನಲ್ಲಿ ಕಾಣಿಸುತ್ತದೆ.

ಜೋಲಾನ ದೆನೀಸ್ ಕೊನೆಗೆ ಆ ಗಾಜನ್ನು ದಾಟಿ ಮಳಿಗೆಯ ಒಳಗೆ ಹೋಗುತ್ತಾಳೆ. ಗಿರಾಕಿಯಾಗಿ ಹೋಗುವುದಿಲ್ಲ, ಮಾರಾಟದ ಹುಡುಗಿಯಾಗಿ ಹೋಗುತ್ತಾಳೆ. ಅಲ್ಲಿಯ ಅವಮಾನ, ಹಸಿವು, ಸೂರಿನ ಕೆಳಗಿನ ಚಳಿಯ ಕೋಣೆ ಎಲ್ಲವನ್ನೂ ಆಕೆ ಅನುಭವಿಸುತ್ತಾಳೆ. ಅಲ್ಲಿ ತನಗೊಂದು ಸ್ಥಾನ ದೊರೆತ ಮೇಲೆ ಆಕೆ ಕೇಳುವುದು ತನ್ನೊಡನೆ ದುಡಿಯುವವರಿಗೆ ಒಳ್ಳೆಯ ಊಟ, ಕೆಲಸದ ಭದ್ರತೆ, ಕಾಯಿಲೆಗೆ ಆರೈಕೆ. ಗಾಜಿನ ಈಚೆ ನಿಂತಿದ್ದ ಆ ಮೊದಲ ಬೆಳಗನ್ನು ಆಕೆ ಮರೆತಿರಲಿಲ್ಲ.